ಟಗರಿನ ಕಿವಿಯ ಒಂದು ಹನಿ

ಐಮಂಗಲದಿಂದ ನಮ್ಮೂರಿಗೆ ತಿರುಗುವ ದಾರಿಯಲ್ಲಿ, ಕೆರೆಯಂಗಳದ ಮೇಲುಗಡೆ ಒಂದು ಗೋಡೆ ಇದೆ. ಎದೆಮಟ್ಟ ಎತ್ತರ. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಒಳಗೆ ಮನೆಯಿಲ್ಲ, ಗುಡಿಯಿಲ್ಲ, ಒಂದು ಗಿಡವೂ ಇಲ್ಲ. ಹುಲ್ಲಿದೆ ಅಷ್ಟೆ. ಸುತ್ತಲಿನ ನೆಲವನ್ನು ಕುರಿಗಳು ಬೋಳು ಮಾಡಿದ ಕಾಲದಲ್ಲೂ ಆ ಗೋಡೆಯೊಳಗೆ ಮೊಣಕಾಲುದ್ದ ಹುಲ್ಲು ತೂಗುತ್ತಿರುತ್ತದೆ. ಕಟ್ಟಿದವನು ನಾನು. ಕೇಳಿದವರಿಗೆಲ್ಲ ಕಾರಣ ಹೇಳಿದ್ದೇನೆ. ತಲೆಯಾಡಿಸಿ ಹೋಗುತ್ತಾರೆ, ನಂಬುವುದಿಲ್ಲ. ಬಾಯಿಮಾತು ನಂಬದವರು ಬರೆದದ್ದನ್ನಾದರೂ ನಂಬಬಹುದು.

ಆರನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ತೀರಿಕೊಂಡಿದ್ದರು, ಅಣ್ಣ ಒಬ್ಬನೇ ಕುರಿಯ ಹಿಂದೆ ಅಲೆಯುತ್ತಿದ್ದ. ಕುರಿ ಕಾದೆ, ಆಮೇಲೆ ಕಲ್ಲು ಕಟ್ಟುವ ಕೆಲಸ ಕಲಿತೆ. ಹಿರಿಯೂರು, ಹೊಸದುರ್ಗದ ಕಡೆ ಎಷ್ಟೋ ಹೊಲಗಳಿಗೆ ನನ್ನ ಕೈಯ ಗೋಡೆಗಳಿವೆ. ಮಳೆಗೆ ಒಂದೂ ಜರಿದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೇಸಿಗೆಯಲ್ಲಿ ಅಣ್ಣ ನಾನು ಇಬ್ಬರೂ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಕಡೆ ಹೋಗುತ್ತಿದ್ದೆವು. ಹೊಲ ತೋಟದವರು ಗೊಬ್ಬರಕ್ಕೆಂದು ರಾತ್ರಿ ತಮ್ಮ ನೆಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಒಂದು ವರ್ಷ ವಾಪಸು ಬರುವಾಗ ದುರ್ಗದ ಹೊರಗೆ ಒಂದು ಚರ್ಚಿನವರು ಕರೆದರು. ಚರ್ಚಿನ ಹಿಂದೆ ತರಕಾರಿ ಹಾಕುವ ತುಂಡು ಜಮೀನಿತ್ತು. ಬೆಳಿಗ್ಗೆ ಎದ್ದು ನೋಡಿದರೆ ವಯಸ್ಸಾದ ಒಬ್ಬ ಫಾದರ್, ಬಿಳಿ ನಿಲುವಂಗಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಮಚದಲ್ಲಿ ಕುರಿಹಿಕ್ಕೆ ಬಾಚಿ ಡಬ್ಬಿಗೆ ತುಂಬಿಕೊಳ್ಳುತ್ತಿದ್ದರು. ಅಣ್ಣ ನನ್ನ ಪಕ್ಕೆ ತಿವಿದ.

"ಲೇ, ನೋಡ್ಲೇ. ನಮ್ ಪೂಜಾರಿ ಕುಂಕುಮ ತುಂಬ್ಕಂತಾನೆ, ಈ ಪೂಜಾರಿ ಹಿಕ್ಕೆ ತುಂಬ್ಕಂತಾನೆ."

ಫಾದರ್‌ಗೆ ಕೇಳಿಸಿತ್ತು. ತಲೆಯೆತ್ತದೆ ನಕ್ಕರು. "ಕುಂಕುಮದಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ? ಇದರಲ್ಲಿ ಉಂಟು. ಬನ್ನಿ ಇಬ್ಬರೂ."

ಅವರು ಕರಾವಳಿಯವರು. ಅಲ್ಲಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೆ ಈ ಒಣ ಸೀಮೆಗೆ ಬಂದವರು. ಕೋಣೆಯಲ್ಲಿ ಗೋಡೆಗೊಂದು ಶಿಲುಬೆ, ಅದರ ಕೆಳಗಿನ ಮೇಜಿನ ಮೇಲೆ ಮೈಕ್ರೋಸ್ಕೋಪು. ಹಿಕ್ಕೆಯನ್ನು ನೀರಿನಲ್ಲಿ ಕದಡಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನನಗೆ ತೋರಿಸಿದರು. ನುಚ್ಚಕ್ಕಿಯಂಥ ಮೊಟ್ಟೆಗಳು ಕಂಡವು. ಕುರಿ ಸೊರಗುವುದು ಕಣ್ಣು ತಾಗಿ ಅಲ್ಲ, ಈ ಹುಳುವಿನಿಂದ ಎಂದರು. ನಾನು ಬಗ್ಗಿದವನು ಏಳಲೇ ಇಲ್ಲ. ಅಣ್ಣ ಮಾತ್ರ ಬಾಗಿಲಲ್ಲೇ ನಿಂತಿದ್ದ.

"ಬಾಪ್ಪ, ನೀನೂ ನೋಡು," ಎಂದರು ಫಾದರ್.

"ಬ್ಯಾಡ್ರಿ ಸ್ವಾಮಿ. ಒಳಗಿಟ್ಟೋನು ಮುಚ್ಚಿ ಇಟ್ಟವ್ನೆ ಅಂದ್ರೆ ನೋಡ್ಬ್ಯಾಡ್ರಿ ಅಂತ್ಲೇ ಅಲ್ವೇನ್ರಿ?"

"ಮುಚ್ಚಿಟ್ಟವನೇ ಕಣ್ಣನ್ನೂ ಕೊಟ್ಟದ್ದಲ್ವಾ?"

"ಕಣ್ಣು ಕೊಟ್ಟವ್ನೆ, ರೆಪ್ಪೆನೂ ಕೊಟ್ಟವ್ನೆ," ಎಂದ ಅಣ್ಣ. ಫಾದರ್ ಮೇಜು ತಟ್ಟಿ ನಕ್ಕರು. ಅವರಿಬ್ಬರ ಜಗಳ ಅಲ್ಲಿಂದ ಶುರುವಾಯಿತು. ಜಗಳ ಅಂದರೆ ಇಬ್ಬರಿಗೂ ಬೇಕಾದ ಜಗಳ. ಪ್ರತಿ ಬೇಸಿಗೆ ಮಂದೆ ಆ ಕಾಂಪೌಂಡಿಗೆ ಹೋಗಿಯೇ ಬರುತ್ತಿತ್ತು.

ನಾನು ಕಲ್ಲಿನವನು ಎಂದು ಗೊತ್ತಾದ ಮೇಲೆ ಫಾದರ್ ನನ್ನೊಂದಿಗೆ ಕಲ್ಲಿನ ಭಾಷೆಯಲ್ಲೇ ಮಾತಾಡುತ್ತಿದ್ದರು. "ನೀನು ತೂಗುಗುಂಡು ಇಳಿಬಿಡುವುದು ಯಾಕೆ? ಇವತ್ತು ನೆಟ್ಟಗೆ ಬಿದ್ದದ್ದು ನಾಳೆಯೂ ನೆಟ್ಟಗೇ ಬೀಳುತ್ತದೆ ಅಂತ ನಂಬಿಕೆ. ಹೌದಾ? ಈ ಲೋಕ ಕಟ್ಟಿದವನು ದಿನಕ್ಕೊಂದು ಬುದ್ಧಿಯವನಲ್ಲ ಅಂತ ನಮ್ಮ ಹಳೇ ಸನ್ಯಾಸಿಗಳೂ ನಂಬಿದರು. ಅದಕ್ಕೇ ಅಳೀಲಿಕ್ಕೆ ಹೊರಟರು. ಮಠದ ಹಿತ್ತಲಲ್ಲಿ ಬಟಾಣಿ ಬೆಳೆದು, ತಾಯಿಗಿಡದ ಗುಣ ಮರಿಗಿಡಕ್ಕೆ ಹೇಗೆ ಹೋಗುತ್ತದೆ ಅಂತ ಕಂಡುಹಿಡಿದವನೂ ಒಬ್ಬ ಸನ್ಯಾಸಿಯೇ."

"ಹಂಗಾರೆ ನಿಮ್ ದೇವ್ರನ್ನ ನಂಬ್ದೇ ಇರೋರು ಅಳೀಲಿಲ್ವಾ ಫಾದರ್?"

"ಅಳೆದರು. ನಮಗಿಂತ ಮುಂಚೆಯೇ ಅಳೆದರು. ಸೊನ್ನೆ ಈ ದೇಶದ್ದು. ಅರಬ್ಬರು ಅದನ್ನು ಹೊತ್ತುಕೊಂಡು ಕಡಲಾಚೆಯ ನಮ್ಮ ಸನ್ಯಾಸಿಗಳ ಕಡೆ ಒಯ್ದದ್ದು." ಮೈಕ್ರೋಸ್ಕೋಪಿನ ಗಾಜು ಒರೆಸುತ್ತಾ ಮತ್ತೆ ಹೇಳಿದರು. "ಆಕಾಶಕ್ಕೆ ದುರ್ಬೀನು ಹಿಡಿದ ಒಬ್ಬ ಮುದುಕನನ್ನು ನಮ್ಮವರೇ ಮಂಡಿಯೂರಿಸಿ, ಭೂಮಿ ತಿರುಗುವುದಿಲ್ಲ ಅಂತ ಅವನ ಬಾಯಿಂದ ಹೇಳಿಸಿದರು. ಅವನು ನಂಬಿದ್ದೂ ನಮ್ಮ ದೇವರನ್ನೇ. ನೋಡಲಿಕ್ಕೆ ಕಲಿಸಿದವರೂ ನಾವೇ, ಕಣ್ಣು ಕಟ್ಟಿದವರೂ ನಾವೇ. ಎರಡೂ ಒಂದೇ ಮನೆಯೊಳಗೆ ಆದದ್ದು ಮಾರಾಯ."

ಓದಿದವರು ತಮ್ಮ ಮನೆಯ ಹುಳುಕನ್ನು ನನ್ನಂಥವನ ಮುಂದೆ ಹೇಳಿಕೊಂಡದ್ದು ನಾನು ಕಂಡಿರಲಿಲ್ಲ. ಅವತ್ತಿನಿಂದ ಅವರ ಮಾತು ನನಗೆ ತೂಗುಗುಂಡಿನ ದಾರದಂತೆ. ಏನೇ ಕಂಡರೂ ಅದಕ್ಕೆ ಹಿಡಿದು ನೋಡುತ್ತಿದ್ದೆ.

ಆಮೇಲೊಂದು ವರ್ಷ ಹೈವೇ ದಾಟುವಾಗ ನನ್ನ ಬೈಕಿಗೆ ಲಾರಿ ತಗುಲಿತು. ಹೊಟ್ಟೆಯೊಳಗೆ ರಕ್ತ ಸೋರಿತ್ತಂತೆ. ದುರ್ಗದ ಆಸ್ಪತ್ರೆಯಲ್ಲಿ ನನ್ನನ್ನು ಕೊಯ್ದು ಹೊಲಿಯುವಾಗ ಅಣ್ಣ ಹೊರಗೆ ಬೆಂಚಿನ ಮೇಲೆ ಕುಳಿತು ಮನೆದೇವರಿಗೆ ಹರಕೆ ಕಟ್ಟಿಕೊಂಡ. ತಮ್ಮ ಉಳಿದರೆ ಮಂದೆಯಲ್ಲೇ ಶ್ರೇಷ್ಠವಾದ ಮರಿಯನ್ನು ದೇವರ ಹೆಸರಿಗೆ ಬಿಟ್ಟು, ಟಗರಾಗಿ ಬೆಳೆಸಿ ಒಪ್ಪಿಸುತ್ತೇನೆ ಎಂದು. ಫಾದರ್ ಕೂಡ ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರಂತೆ. ನನಗೆ ಎಚ್ಚರ ಬಂದಾಗ ಇಬ್ಬರೂ ಇದ್ದರು.

"ಡಾಕ್ಟ್ರು ಹೊಲ್ದ್ರು, ಉಳಿಸ್ದೋನು ಅವ್ನು," ಎಂದು ಅಣ್ಣ ಮೇಲೆ ಕೈ ತೋರಿಸಿದ.

"ನಾನೂ ಅದನ್ನೇ ಹೇಳುವುದು," ಎಂದರು ಫಾದರ್.

"ನೋಡ್ಲೇ! ನಿನ್ ಫಾದ್ರಿ ನಮ್ ಪಾರ್ಟಿನೇ!" ಅಣ್ಣನಿಗೆ ಅವತ್ತು ಆದ ಖುಷಿ ಹೇಳತೀರದು.

ಹರಕೆಯ ಟಗರು ದೊಡ್ಡದಾಯಿತು. ನಮ್ಮಲ್ಲಿ ದೇವರಿಗೆ ಬಿಟ್ಟ ಟಗರಿಗೆ ಕಿವಿ ಕತ್ತರಿಸಿ ಗುರುತು ಹಾಕುವುದಿಲ್ಲ. ಒಪ್ಪಿಸುವ ದಿನದವರೆಗೆ ಅದರ ಮೈಯಿಂದ ಒಂದು ಹನಿ ರಕ್ತ ಬೀಳಬಾರದು. ಒಪ್ಪಿಸುವ ಮೊದಲೇ ಅದು ತಾನಾಗಿ ಸತ್ತರೆ, ಯಾರ ಜೀವಕ್ಕೆ ಹರಕೆ ಕಟ್ಟಿದ್ದೋ ಆ ಜೀವವನ್ನು ದೇವರು ಕೈಬಿಟ್ಟ ಹಾಗೆ. ನನ್ನ ಅಣ್ಣ ಇದನ್ನು ಉಸಿರಾಡುವಷ್ಟು ಸಹಜವಾಗಿ ನಂಬಿದ್ದ. ಮಳೆ ಬಂದರೂ ಬಿಸಿಲು ಬಂದರೂ ತನ್ನ ಕಂಬಳಿ ಆ ಟಗರಿನ ಮೇಲೇ.

ಮೊದಲ ಮಳೆ ಬಿದ್ದು ಕೆರೆಯಂಗಳ ಚಿಗುರಿದ ಕಾಲ. ಬೆಳಿಗ್ಗೆ ಒಂದು ಹೆಣ್ಣುಕುರಿ ಕುರಿ ಕೂಡುವ ರೊಪ್ಪದಲ್ಲಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಮೇದು ಬಂದದ್ದೇ. ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು, ಹೆಪ್ಪುಗಟ್ಟಿರಲಿಲ್ಲ. ಹಾವು ಮುಟ್ಟಿರಬೇಕು ಎಂದು ಅಣ್ಣ ಅದನ್ನು ಹಳ್ಳಕ್ಕೆ ಎಳೆದು ಮುಳ್ಳು ಮುಚ್ಚಿದ. ನಾನು ಫಾದರ್‌ಗೆ ಫೋನು ಮಾಡಿದೆ. ರಕ್ತದ ವಿಷಯ ಕೇಳಿದ ಕೂಡಲೆ ಅವರ ದನಿ ಬದಲಾಯಿತು.

"ಕೊಯ್ಯಬೇಡಿ. ಚರ್ಮ ಬಿಡಿಸಬೇಡಿ, ಹೊಟ್ಟೆ ತೆಗೆಯಬೇಡಿ. ನೆರಡಿ ರೋಗ ಇರಬಹುದು, ಆಂಥ್ರಾಕ್ಸ್. ಮನುಷ್ಯರಿಗೂ ತಗುಲುತ್ತದೆ. ಪಶು ಡಾಕ್ಟರಿಗೆ ಈಗಲೇ ಹೇಳು. ಇನ್ನೊಂದು ಏನಾದರೂ ಬಿದ್ದರೆ ಕಿವಿ ತುದಿಯಿಂದ ಒಂದೇ ಹನಿ, ನಾನು ಕೊಟ್ಟ ಗಾಜಿನ ಮೇಲೆ. ಕೈಗೆ ಕವರು ಹಾಕ್ಕೋ. ಒಂದು ಹನಿ ಸಾಕು."

ಪಶು ಡಾಕ್ಟರಿಗೆ ಹೇಳಿದೆ. ಬೇರೆ ಊರಿನಲ್ಲಿದ್ದರು, ಸಂಜೆಗೆ ಬರುತ್ತೇನೆ ಎಂದರು. ಮಧ್ಯಾಹ್ನ ಕೆರೆಯಂಗಳದ ಮೇಲುಗಡೆ ಹರಕೆಯ ಟಗರು ನಿಂತಲ್ಲೇ ನಡುಗತೊಡಗಿತು. ಕಾಲು ಅಗಲಿಸಿ ನಿಂತು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ನಾನು ಗಾಜು ಹಿಡಿದು ಓಡಿದೆ. ಅಣ್ಣ ನನಗೂ ಟಗರಿಗೂ ನಡುವೆ ಬಂದು ನಿಂತ.

"ಮುಟ್ಬ್ಯಾಡ."

"ಒಂದ್ ಹನಿ ಅಣ್ಣ. ಕಿವಿ ತುದೀಲಿ. ಯಾವ್ ರೋಗ ಅಂತ ಗೊತ್ತಾಗ್ಲಿ."

"ದೇವ್ರ ಪಾಲಿನ ರಕ್ತ ನಿನ್ ಗಾಜಿಗೆ ಕೊಡ್ತೀಯೇನಲೇ? ಅದು ಯಾರ್ ಜೀವದ್ದು ಗೊತ್ತಾ ನಿಂಗೆ?"

"ಗೊತ್ತು. ನಂದೇ. ಅದ್ಕೇ ಹೇಳ್ತಿರಾದು, ಬಿಡು."

"ನಿಂದು ಅನ್ನಾದಕ್ಕೇ ನಾನು ಬಿಡಲ್ಲ."

ಟಗರು ಮುಂಗಾಲು ಮಡಿಸಿತು. ಉಸಿರು ನಿಲ್ಲುವ ಮೊದಲು ಒಪ್ಪಿಸಬೇಕು, ಇಲ್ಲದಿದ್ದರೆ ಹರಕೆ ತಪ್ಪುತ್ತದೆ. ಅಣ್ಣ ಅದರ ಮುಖವನ್ನು ಮನೆದೇವರಿರುವ ದಿಕ್ಕಿಗೆ ತಿರುಗಿಸಿದ, ನನ್ನ ಹೆಸರು ಹೇಳಿದ, ಸೊಂಟದ ಚೂರಿ ತೆಗೆದ. ನಾನು ಹಿಡಿದೆಳೆದೆ. ಅಣ್ಣ ಒಂದೇ ಸಲ ನೂಕಿದ, ಹಿಂದಕ್ಕೆ ಬಿದ್ದೆ. ಎದ್ದಾಗ ನೆಲದ ಮೇಲೆ ರಕ್ತ ಹರಿಯುತ್ತಿತ್ತು. ಕೆಂಪಲ್ಲ, ಕರಿ ಎಣ್ಣೆಯ ಬಣ್ಣ. ಅಣ್ಣನ ಮುಂಗೈ ತೋಯ್ದಿತ್ತು, ಬೆಳಿಗ್ಗೆ ಮುಳ್ಳು ಎಳೆದಾಗ ತರಚಿದ ಮುಂಗೈ.

ಆ ನೆಲದಿಂದಲೇ ಗಾಜಿಗೆ ಒಂದಿಷ್ಟು ಸವರಿಕೊಂಡು, ಕವರಿನಲ್ಲಿ ಸುತ್ತಿ, ಬೈಕ್ ಹತ್ತಿ ದುರ್ಗಕ್ಕೆ ಹೋದೆ.

ಫಾದರ್ ಗಾಜನ್ನು ಬೆಂಕಿಗೆ ಹಿಡಿದು, ನೀಲಿ ಔಷಧಿ ಹಾಕಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟರು. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೆರಡಿಯೇ. ಇದನ್ನು ಕೊಯ್ದವರು ಯಾರು?"

"ಅಣ್ಣ."

"ಬಾಡು?"

"ಊರಿಗೆಲ್ಲ ಪಾಲು ಹಾಕಿರ್ತಾರೆ. ದೇವ್ರ ಪ್ರಸಾದ ಅದು."

ಅವರು ಫೋನು ತೆಗೆದು ಪಶು ಡಾಕ್ಟರಿಗೂ ಆಸ್ಪತ್ರೆಗೂ ಹೇಳತೊಡಗಿದರು. ನಾನು ಬೈಕ್ ತಿರುಗಿಸಿದೆ.

ಮನೆಮನೆಗೆ ಹೋಗಿ ಕೂಗಿದೆ. ಕೆಲವರು ಪಾತ್ರೆ ಸಮೇತ ಚೆಲ್ಲಿದರು. ಕೆಲವರು ಬೇಯಿಸಿ ಉಂಡು ಕೈ ತೊಳೆದಿದ್ದರು. "ಫಾದ್ರಿ ಹೇಳ್ದ ಅಂತ ದೇವ್ರ ಬಾಡು ಚೆಲ್ಬೇಕೇನಪ್ಪ?" ಎಂದು ಒಬ್ಬ ಹಿರಿಯರು ಬಾಗಿಲು ಹಾಕಿಕೊಂಡರು. ನಮ್ಮ ಮನೆಯಲ್ಲಿ ಅಣ್ಣ ತಟ್ಟೆಯ ಮುಂದೆ ಕುಳಿತಿದ್ದ. ನನ್ನ ಮುಖ ನೋಡುತ್ತಲೇ ಒಂದು ತುತ್ತು ಬಾಯಿಗಿಟ್ಟ. ಅತ್ತಿಗೆ ಸೌಟು ಹಿಡಿದು ನಿಂತಿದ್ದಳು, ಅವಳು ಉಣ್ಣಲಿಲ್ಲ.

ಡಾಕ್ಟರು, ನರ್ಸುಗಳು ಬಂದರು. ಮಂದೆಗೆ ಚುಚ್ಚುಮದ್ದು ಹಾಕಿದರು, ಉಳಿದದ್ದನ್ನೆಲ್ಲ ಆಳದಲ್ಲಿ ಹೂತು ಸುಣ್ಣ ಸುರಿದರು. ಮುಟ್ಟಿದವರಿಗೆ, ಉಂಡವರಿಗೆ ಮಾತ್ರೆ ಕೊಟ್ಟರು. ಬಾಗಿಲು ಹಾಕಿಕೊಂಡ ಹಿರಿಯರೂ ನುಂಗಿದರು. ನುಂಗದವನು ಅಣ್ಣ ಒಬ್ಬನೇ. ಬೈದೆ, ಬೇಡಿಕೊಂಡೆ, ಅತ್ತಿಗೆ ಕಾಲು ಹಿಡಿದಳು.

"ದೇವ್ರಿಗೆ ಕೊಟ್ಟು ಉಂಡಿದ್ನ ವಿಷ ಅಂತ ಮಾತ್ರೆ ನುಂಗಿದ್ರೆ, ಕೊಟ್ಟಿದ್ದು ಕಿತ್ಕಂಡಂಗೆ. ಆಗ ಇವನ್ನ ಕಿತ್ಕಂತಾನೆ ಅವ್ನು," ಎಂದು ನನ್ನ ಕಡೆ ಬೆರಳು ಮಾಡಿದ.

ಫಾದರ್‌ ಮಾತಿಗೆ ಅವನು ನಗುವುದಾದರೂ ನಗುತ್ತಾನೆ, ಅಷ್ಟು ಸಾಕು ಎಂದು ಅವರನ್ನು ಕರೆತಂದೆ. ಅರಳಿಕಟ್ಟೆಯ ಮೇಲಿದ್ದವರು ಬೈಕ್ ದಾಟುವಾಗ ಕೇಳಿಸುವಂತೆಯೇ ಅಂದರು: "ಬಂದ ನೋಡ್ರಪ್ಪ, ಕುರಿ ಸತ್ತ ಮನೆ ಹುಡಿಕ್ಕಂಡು. ಇನ್ ಶಿಲುಬೆ ಹಾಕ್ತಾನೆ." ಫಾದರ್ ತಲೆ ತಗ್ಗಿಸಿದ್ದರು. ನನಗೆ ಇಳಿದು ಹೊಡೆಯುವಷ್ಟು ಸಿಟ್ಟು, ಅವರು ಹೆಗಲ ಮೇಲಿಟ್ಟ ಕೈ ಬಿಗಿ ಮಾಡಿದರು.

"ಬರ್ರಿ ಸ್ವಾಮಿ, ಕುಂತ್ಕಳ್ರಿ," ಎಂದ ಅಣ್ಣ. ಚೆನ್ನಾಗಿಯೇ ಇದ್ದ. ಮುಂಗೈಯಲ್ಲಿ ಒಂದು ಗುಳ್ಳೆ ಎದ್ದಿತ್ತು, ಸೊಳ್ಳೆ ಕಚ್ಚಿದ ಹಾಗೆ. ಫಾದರ್ ಅದನ್ನೇ ನೋಡುತ್ತಿದ್ದರು. ಮಾತ್ರೆಯ ವಿಷಯ ತೆಗೆದರು. ದೇವರು ಕೊಟ್ಟ ಬುದ್ಧಿಯಿಂದಲೇ ಆ ಮಾತ್ರೆ ಹುಟ್ಟಿದ್ದು, ಅದನ್ನು ನುಂಗುವುದೂ ಅವನಿಗೆ ಕೈಮುಗಿದಂತೆಯೇ ಎಂದರು. ಅಣ್ಣ ಪೂರ್ತಿ ಕೇಳಿದ.

"ಸ್ವಾಮಿ, ನಿಮ್ ದೇವ್ರ ಮಗನೂ ಬ್ಯಾರೆಯೋರ ಜೀವಕ್ಕೇ ರಕ್ತ ಕೊಟ್ಟಿದ್ದಲ್ವೇನ್ರಿ?"

"ಹೌದಪ್ಪ."

"ಅದನ್ನ ನಿಮ್ ಗಾಜಿನ ಮ್ಯಾಲೆ ಇಟ್ಟು ನೋಡ್ತೀರೇನ್ರಿ?"

ಎಷ್ಟೋ ವರ್ಷಗಳ ಅವರ ಜಗಳದಲ್ಲಿ ಫಾದರ್ ಸೋತದ್ದು ಅದೊಂದೇ ಸಲ. ಸಣ್ಣ ದನಿಯಲ್ಲಿ, "ಇಲ್ಲ. ನೋಡುವುದಿಲ್ಲ," ಎಂದರು. "ಆದರೂ ಮಾತ್ರೆ ತಗೋ. ನನ್ನ ಮಾತು ಬೇಡ. ತಮ್ಮನಿಗೋಸ್ಕರ ತಗೋ."

"ತಮ್ಮನಿಗೋಸ್ಕರಾನೇ ಬ್ಯಾಡ ಅಂತಿರಾದು ಸ್ವಾಮಿ."

ಗುಳ್ಳೆ ಒಡೆದು ನಡುವೆ ಕಪ್ಪಾಯಿತು. ಸುಟ್ಟ ಇದ್ದಿಲನ್ನು ಚರ್ಮಕ್ಕೆ ಕೂರಿಸಿದಂತೆ. "ನೋವೇ ಇಲ್ಲ ನೋಡ್ಲೇ, ನಿನ್ ಫಾದ್ರಿ ಸುಮ್ನೆ ಹೆದರ್ಸಿದ," ಎಂದು ನನಗೆ ತೋರಿಸಿದ. ನೋವಿಲ್ಲದಿರುವುದೇ ಆ ರೋಗದ ಗುಣ ಎಂದು ಫಾದರ್ ನನಗೆ ಹೇಳಿದ್ದರು. ಕೈ ಊದಿತು, ಊತ ಭುಜಕ್ಕೆ ಏರಿತು, ಮೈ ಕೆಂಡವಾಯಿತು. ಆಸ್ಪತ್ರೆಗೆ ಎಂದರೆ, ಪ್ರಜ್ಞೆ ಇರುವವರೆಗೆ ಬಾಗಿಲ ಚೌಕಟ್ಟು ಹಿಡಿದು ಜಗ್ಗಲಿಲ್ಲ. ಪ್ರಜ್ಞೆ ತಪ್ಪಿದ ಮೇಲೆ ಎತ್ತಿ ಗಾಡಿಗೆ ಹಾಕಿಕೊಂಡು ದುರ್ಗಕ್ಕೆ ಓಡಿದೆವು. ಡಾಕ್ಟರುಗಳು ತಮ್ಮ ಕೈಲಾದದ್ದೆಲ್ಲ ಮಾಡಿದರು. ವಿಷ ರಕ್ತಕ್ಕೆ ಇಳಿದಿತ್ತು. ನನ್ನನ್ನು ಹೊಲಿದು ಉಳಿಸಿದ ಆಸ್ಪತ್ರೆಯಲ್ಲೇ, ಅವನು ಹರಕೆ ಕಟ್ಟಿಕೊಂಡ ಬೆಂಚಿನ ಎದುರಿನ ವಾರ್ಡಿನಲ್ಲಿ, ಅಣ್ಣ ತೀರಿಕೊಂಡ.

ಹೂತು ಬಂದ ಮೇಲೆ ಅತ್ತಿಗೆ ನನಗೆ ಒಂದೇ ಮಾತು ಹೇಳಿದಳು. "ಈಗ ಹರಕೆ ತೀರಿತಲ್ಲ ಮೈದುನ, ನೀನು ಗಟ್ಟಿಯಾಗಿರು." ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ.

ಕೆಲವು ವಾರಗಳ ಮೇಲೆ ಫಾದರ್ ಹತ್ತಿರ ಹೋದೆ. ಆ ಗಾಜನ್ನು ಇನ್ನೂ ಇಟ್ಟಿದ್ದರು. ತೋರಿಸಿ ಎಂದೆ. ಬೇಡ ಎಂದರು, ನಾನು ಬಿಡಲಿಲ್ಲ. ಕಣ್ಣಿಟ್ಟೆ. ನೀಲಿ ಕಡ್ಡಿಗಳು, ಬಿದಿರನ್ನು ಗೆಣ್ಣು ಗೆಣ್ಣಿಗೆ ಕಡಿದು ಸಾಲಾಗಿ ಜೋಡಿಸಿದ ಹಾಗೆ. ತುದಿಗಳು ಚೌಕ. ಒಂದಕ್ಕೊಂದು ಸರಿಯಾಗಿ ಕೂತಿದ್ದವು. ಒಳ್ಳೆಯ ಕೆಲಸದವನ ಕೈ ಕಂಡರೆ ನನಗೆ ಗೊತ್ತಾಗುತ್ತದೆ. ಇದು ಅಂಥದ್ದು.

"ಇದನ್ನೂ ನಿಮ್ ದೇವ್ರೇ ಮಾಡಿದ್ದಾ ಫಾದರ್?"

ಅವರು ಶಿಲುಬೆಯ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. "ಬೇರೆ ಯಾರು ಮಾಡಿದ್ದು ಅಂತ ಹೇಳಲಿ? ಕಟ್ಟಿದವನು ಒಬ್ಬನೇ ಅಂತ ನಿನಗೆ ಕಲಿಸಿದವನು ನಾನೇ. ಒಳ್ಳೆಯ ಕಲ್ಲು ಅವನದು, ಇದು ಇನ್ಯಾರದೋ ಅಂತ ಈಗ ಹೇಳಿದರೆ ಅದು ಲೆಕ್ಕ ತಪ್ಪಿಸಿದ ಹಾಗೆ. ಹೇಗೆ ಕೊಲ್ಲುತ್ತದೆ ಅಂತ ನಾನು ಹೇಳಬಲ್ಲೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಇಷ್ಟು ವಯಸ್ಸಾಯಿತು, ಗೊತ್ತಿಲ್ಲ."

ಕಣ್ಣು ಒರೆಸಿಕೊಂಡು ಅವರು ಇನ್ನೊಂದು ಮಾತು ಹೇಳಿದರು. ರಕ್ತ ಬಿದ್ದ ನೆಲದಲ್ಲಿ ಆ ಕಡ್ಡಿಗಳು ಬೀಜದಂತೆ ಮುದುರಿಕೊಂಡು ಮಲಗಿರುತ್ತವೆ. ಬಿಸಿಲಿಗೆ ಸಾಯುವುದಿಲ್ಲ, ಮಳೆಗೆ ಕೊಚ್ಚಿ ಮುಗಿಯುವುದಿಲ್ಲ. ನಮ್ಮ ಮಕ್ಕಳ ಕಾಲಕ್ಕೂ ಇರಬಹುದು. ಅಲ್ಲಿ ಕುರಿ ಮೇಯಬಾರದು.

ಊರಿನಲ್ಲಿ ಹೇಳಿದೆ. ಯಾರಿಗೂ ಹಿಡಿಸಲಿಲ್ಲ. ಹುಲ್ಲು ಅಷ್ಟು ಚೆನ್ನಾಗಿ ಬರುವ ಜಾಗ ಬಿಡುವುದು ಹೇಗೆ? ಹಿರಿಯರು ಒಂದು ದಾರಿ ಹೇಳಿದರು. "ಒಂದು ಕಲ್ಲು ನೆಡು, ಕುಂಕುಮ ಹಚ್ಚು, ಅಮ್ಮ ಸಿಟ್ಟಾಗಿರೋ ಜಾಗ ಅನ್ನು. ಒಂದ್ ಕುರಿ ಒಳಕ್ ಹೋದ್ರೆ ನನ್ ಕೇಳು." ಅತ್ತಿಗೆಯೂ ಅದನ್ನೇ ಅಂದಳು. ಫಾದರನ್ನೂ ಕೇಳಿದೆ. ಅವರು ಬಹಳ ಯೋಚಿಸಿ, "ಜೀವ ಉಳಿಯುತ್ತದೆ. ನಮ್ಮವರೂ ಎಷ್ಟೋ ಕಡೆ ದೇವರ ಹೆಸರಿನ ಕಲ್ಲು ನೆಟ್ಟರು, ಆಚೆ ನೋಡಬೇಡಿ ಅಂದರು. ನೆಟ್ಟ ಮೇಲೆ ಕೀಳಲಿಕ್ಕೆ ಆಗಲಿಲ್ಲ. ನಿನ್ನ ಇಷ್ಟ ಮಾರಾಯ," ಎಂದರು.

ನಾನು ಕಲ್ಲು ನೆಡಲಿಲ್ಲ. ಗೋಡೆ ಕಟ್ಟಿದೆ. ಯಾರ ಸಹಾಯವನ್ನೂ ಕೇಳಲಿಲ್ಲ, ಕಲ್ಲನ್ನೆಲ್ಲ ಗುಡ್ಡದಿಂದ ನಾನೇ ಹೊತ್ತೆ. ಫಾದರ್ ಈಗ ಇಲ್ಲಿಲ್ಲ. ಕರಾವಳಿಯಲ್ಲಿ ವಯಸ್ಸಾದ ಪಾದ್ರಿಗಳನ್ನು ನೋಡಿಕೊಳ್ಳುವ ಮನೆಯಲ್ಲಿದ್ದಾರೆ. ಫೋನು ಮಾಡಿದರೆ ಅವರಿಗೆ ನನ್ನ ದನಿಯ ಗುರುತು ಸಿಗುವುದಿಲ್ಲ. "ಯಾರು? ಯಾವ ಬ್ಯಾಚು?" ಎನ್ನುತ್ತಾರೆ. ನಾನು ಕುರಿಯವನು, ಫಾದರ್ ಎಂದರೆ, "ಹಾಂ, ಹಾಂ," ಎಂದು ಫೋನು ಇಡುತ್ತಾರೆ.

ಬೇಸಿಗೆ ಬಂದರೆ ಗೋಡೆ ತೆರೆದುಕೊಳ್ಳುತ್ತದೆ. ನನ್ನ ಗೋಡೆ ತಾನಾಗಿ ಬೀಳುವುದಿಲ್ಲ. ಹುಲ್ಲಿನ ಆಸೆಗೆ ಯಾರೋ ಕೀಳುತ್ತಾರೆ, ಕುರಿ ನುಗ್ಗುವಷ್ಟು ಜಾಗಕ್ಕೆ. ಮೊನ್ನೆ ನಾನು ಕಲ್ಲು ಎತ್ತಿಡುವಾಗ ಪಕ್ಕದ ಹೊಲದವನು ನಿಂತು ನೋಡಿದ.

"ಎಷ್ಟ್ ದಿನ ಹಿಂಗ್ ಹೊರ್ತೀಯ? ಒಂದ್ ಚಿಟಿಕೆ ಕುಂಕುಮದಾಗೆ ಮುಗಿಯಾ ಕೆಲ್ಸ. ನಿಂಗ್ಯಾಕಪ್ಪ ಇಷ್ಟು ಹಟ?"

ಹಟ ಎಂದೇ ಅಂದುಕೊಳ್ಳಲಿ ಎಂದು ಬಿಟ್ಟೆ. ಅಮ್ಮ ಸಿಟ್ಟಾದ ಜಾಗ ಎಂದು ನಾನು ನನ್ನ ಬಾಯಿಂದ ಹೇಳಿದರೆ, ಅಣ್ಣ ಕೊಟ್ಟದ್ದನ್ನು ದೇವರು ಒಪ್ಪಲಿಲ್ಲ, ಅವನನ್ನು ದೇವರೇ ಕೊಂದ ಎಂದು ಹೇಳಿದಂತೆ. ನನಗಾಗಿ ಚೂರಿ ಎತ್ತಿದವನ ಮೇಲೆ ಆ ಮಾತನ್ನು ನಾನು ಹೊರಿಸಲಾರೆ. ಅವನನ್ನು ಕೊಂದದ್ದು ನೀಲಿ ಕಡ್ಡಿ. ನನ್ನ ಕಣ್ಣಿನಿಂದ ನೋಡಿದ್ದೇನೆ.

ಬಿದ್ದ ಕಲ್ಲುಗಳಲ್ಲಿ ದೊಡ್ಡದನ್ನು ಆರಿಸಿ, ಅದರ ಮುಖ ಒಳಕ್ಕೆ ಮಾಡಿ ಕೂರಿಸಿದೆ. ಅಲುಗಾಡಿಸಿ ನೋಡಿದೆ. ಅಲುಗಲಿಲ್ಲ. ಇನ್ನೊಂದಕ್ಕೆ ಬಗ್ಗಿದೆ.